ದಡಾರ ಬಂದುಹೋದ ಮೇಲೆ

ನಮ್ಮ ಹಳ್ಳಿಗಳಲ್ಲಿ ಸಿಡುಬು, ಸೀತಾಳೆ, ದಡಾರ ಎಲ್ಲವೂ 'ಅಮ್ಮ'ನ ಲೆಕ್ಕಕ್ಕೇ ಸೇರುತ್ತಿದ್ದವು. ಬೇವಿನ ಸೊಪ್ಪು ಹಾಸಿ ಮಗುವನ್ನು ಮಲಗಿಸಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಅಮ್ಮ ಇಳಿಯಲಿ ಎಂದು ಕಾಯುತ್ತಿದ್ದರು. ಸಿಡುಬು ಬೇರೆ, ದಡಾರ ಬೇರೆ ಎಂದು ಪರ್ಷಿಯಾದ ವೈದ್ಯ ಅಲ್-ರಾಝಿ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಆದರೂ ದಡಾರವೆಂದರೆ ಬಂದುಹೋಗುವ ಕಾಯಿಲೆ ಎಂಬ ಸಸಾರ ಬಹುಕಾಲ ಉಳಿಯಿತು.

ಈ ಕಾಯಿಲೆಯ ನಡೆಯನ್ನು ಮೊದಲು ಸರಿಯಾಗಿ ಓದಿದ್ದು ಪ್ರಯೋಗಾಲಯವಲ್ಲ, ಕಾಲ್ನಡಿಗೆ ಮತ್ತು ದೋಣಿ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಿಗೆ ದಡಾರ ನುಗ್ಗಿತು. ಅಲ್ಲಿನ ಏಳು ಸಾವಿರದ ಎಂಟುನೂರರಷ್ಟು ಜನರಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು. ಡೆನ್ಮಾರ್ಕಿನಿಂದ ಬಂದ ಯುವವೈದ್ಯ ಪೀಟರ್ ಪನುಮ್ ಊರೂರು ಅಲೆದು ಯಾರು ಯಾವಾಗ ಯಾರನ್ನು ಭೇಟಿಯಾದರು ಎಂದು ವಿಚಾರಿಸಿದ. ಸೋಂಕು ತಗುಲಿ ಹದಿಮೂರು, ಹದಿನಾಲ್ಕು ದಿನಕ್ಕೆ ಗಂಧೆ ಏಳುತ್ತದೆ ಎಂಬುದು ಹಾಗೆ ಗೊತ್ತಾಯಿತು. ಇನ್ನೊಂದು ಸಂಗತಿ ಮತ್ತೂ ಸೊಗಸಾದದ್ದು: 1781ರಲ್ಲಿ ಅಲ್ಲಿ ದಡಾರ ಬಂದಿದ್ದಾಗ ಮಲಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರಳಿ ತಗುಲಲಿಲ್ಲ. ಅರವತ್ತೈದು ವರ್ಷದ ಹಳೆಯ ವೈರಿಯನ್ನು ದೇಹ ನೆನಪಿಟ್ಟಿತ್ತು. ವೈರಸ್ ಎಂಬುದರ ಸುಳಿವೇ ಇಲ್ಲದ ಕಾಲದಲ್ಲಿ ಪನುಮ್ ಇಷ್ಟನ್ನು ಕಂಡುಕೊಂಡ.

ಆ ನೆನಪಿಲ್ಲದ ಜನರ ಪಾಡೇನು ಎಂಬುದಕ್ಕೆ ಫಿಜಿ ಸಾಕ್ಷಿ. 1875ರಲ್ಲಿ ಅಲ್ಲಿನ ಜನಸಂಖ್ಯೆಯ ಸುಮಾರು ಕಾಲುಭಾಗ ಅಳಿಯಿತು.

1954ರಲ್ಲಿ ಬಾಸ್ಟನ್ನಿನಲ್ಲಿ ವಿಜ್ಞಾನಿಗಳಾದ ಎಂಡರ್ಸ್ ಮತ್ತು ಪೀಬಲ್ಸ್ ಶಾಲಾ ಹುಡುಗನೊಬ್ಬನಿಂದ ವೈರಸ್ಸನ್ನು ಬೇರ್ಪಡಿಸಿದರು. ಅದನ್ನೇ ಪಳಗಿಸಿದ ಲಸಿಕೆ 1963ರಲ್ಲಿ ಬಳಕೆಗೆ ಬಂತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿದ್ದು 1985ರಲ್ಲಿ, ಒಂಬತ್ತು ತಿಂಗಳಿಗೆ ಒಂದೇ ಡೋಸ್. ಅದಕ್ಕೂ ಮೊದಲು ಕೊಟ್ಟರೆ ತಾಯಿಯಿಂದ ಬಂದ ರಕ್ಷಣೆಯೇ ಲಸಿಕೆಗೆ ಅಡ್ಡ ಬರುತ್ತದೆ. ಆದರೆ ಆ ವಯಸ್ಸಿನ ಒಂದು ಡೋಸ್ ನೂರರಲ್ಲಿ ಸುಮಾರು ಹದಿನೈದು ಮಕ್ಕಳಲ್ಲಿ ಹಿಡಿಯುವುದಿಲ್ಲ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಜನರಿಗೆ ಹಂಚುವ ಕಾಯಿಲೆಗೆ ಈ ಹದಿನೈದರ ಸಂದಿ ಧಾರಾಳವಾಯಿತು. ಎರಡನೇ ಡೋಸ್ ಬರಲು 2010 ಆಗಬೇಕಾಯಿತು. ನನ್ನ ಪ್ರಕಾರ ಇದು ತೀರಾ ತಡ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನದ ಮೊದಲ ಸುತ್ತಿನಲ್ಲಿ ಕರ್ನಾಟಕವೂ ಇತ್ತು.

ಈ ನಡುವೆ ಇಂಗ್ಲೆಂಡಿನ ವೈದ್ಯ ವೇಕ್‌ಫೀಲ್ಡ್ 1998ರಲ್ಲಿ ವೈದ್ಯಕೀಯ ಪತ್ರಿಕೆಯೊಂದರ ಲೇಖನದಲ್ಲಿ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ. ಪತ್ರಿಕೆ ಆ ಲೇಖನವನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಗಾಳಿಮಾತು ಮಾತ್ರ ಇನ್ನೂ ಸುತ್ತುತ್ತಿದೆ.

ಸಂಶೋಧಕರ ಗಮನ ಈಗ ಗಂಧೆ ಇಳಿದ ನಂತರದ ದಿನಗಳ ಮೇಲಿದೆ. ದಡಾರದ ಬೆನ್ನಿಗೇ ನ್ಯುಮೋನಿಯಾ, ಭೇದಿ ಬರುವುದು ಹಳೆಯ ಅನುಭವ. ಕಣ್ಣು ಮತ್ತು ಜೀವ ಉಳಿಸಲು ವಿಟಮಿನ್ ಎ ಕೊಡುವ ಪದ್ಧತಿಯೂ ಬಂತು. ಆದರೆ ಮಕ್ಕಳು ತಿಂಗಳುಗಟ್ಟಲೆ ಸೊರಗುವುದೇಕೆ? ನೆದರ್‌ಲೆಂಡ್ಸ್‌ನ ಲಸಿಕೆ ಪಡೆಯದ ಮಕ್ಕಳ ರಕ್ತ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು: ಬೇರೆ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟನ್ನು ದಡಾರ ಅಳಿಸಿಹಾಕಿತ್ತು. ತನ್ನನ್ನು ಜೀವನಪೂರ್ತಿ ನೆನಪಿಡಿಸುವ ಈ ವೈರಸ್ ಉಳಿದದ್ದನ್ನು ಮರೆಸುತ್ತದೆ. ಲಸಿಕೆ ಹಾಗೆ ಮಾಡುವುದಿಲ್ಲ.

ಹರಡುವಿಕೆ ನಿಲ್ಲಲು ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಸೇರಬೇಕು. ಮನೆಯಲ್ಲಿ ಪುಟ್ಟ ಮಗುವಿದ್ದರೆ ತಾಯಿ ಕಾರ್ಡನ್ನೊಮ್ಮೆ ತೆಗೆದು ನೋಡಿ. ಎರಡನೆಯದರ ಸಮಯ 16ರಿಂದ 24 ತಿಂಗಳು. ತಪ್ಪಿದ್ದರೆ ಐದು ವರ್ಷದೊಳಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈಗಲೂ ಉಚಿತವಾಗಿ ಹಾಕಿಸಬಹುದು.