ಹಳೆ ಯಂತ್ರ, ಹೊಸ ಬಾಡಿಗೆ

ಒಬ್ಬರು ಬಳಸಿ ಬಿಟ್ಟ ಯಂತ್ರವನ್ನು ತಯಾರಿಸಿದ ಕಂಪನಿಯೇ ವಾಪಸು ಪಡೆದು, ಬಿಚ್ಚಿ ನೋಡಿ, ಸವೆದ ಭಾಗಗಳನ್ನು ಬದಲಿಸಿ, ಪರೀಕ್ಷೆ ಮಾಡಿ ಇನ್ನೊಬ್ಬರಿಗೆ ಕೊಡುವ ವಹಿವಾಟನ್ನು ಮೊಬೈಲು, ಲ್ಯಾಪ್‌ಟಾಪುಗಳ ಕಾಲದ ಹೊಸ ಸಂಗತಿ ಎಂದು ನಾವು ಭಾವಿಸುತ್ತೇವೆ. ನಮ್ಮ ದೇಶದ ಮಟ್ಟಿಗೆ ಇದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. 1960ರ ದಶಕದಿಂದ 70ರ ದಶಕದವರೆಗೆ ಭಾರತದ ರೈಲ್ವೆ ವಲಯಗಳು, ವಿಮಾ ನಿಗಮ, ದೊಡ್ಡ ಉದ್ಯಮಗಳು ತಮ್ಮ ಲೆಕ್ಕಪತ್ರವನ್ನು ಒಪ್ಪಿಸಿದ್ದ ಕಂಪ್ಯೂಟರುಗಳಲ್ಲಿ ಬಹಳಷ್ಟು ಹೀಗೆ ರಿಫರ್ಬಿಶ್ ಆಗಿ ಬಂದವು. ಆ ಯಂತ್ರದ ಹೆಸರು ಐಬಿಎಂ 1401. ಅದರ ಕಥೆಯನ್ನು ಇಂದಿನ ಗ್ರಾಹಕರು ತಿಳಿಯಬೇಕಾದ್ದು ಒಂದು ಕಾರಣಕ್ಕೆ. ಇಂಥ ವಸ್ತು ಕೊಳ್ಳುವಾಗ ನಾವು ಮೊದಲು ಕೇಳುವುದು 'ಸರಿಯಾಗಿ ಕೆಲಸ ಮಾಡುತ್ತದೆಯೇ' ಎಂದು. ಚರಿತ್ರೆಯನ್ನು ನೋಡಿದರೆ, ತಯಾರಕರು ಅತ್ಯಂತ ಚೆನ್ನಾಗಿ ಉತ್ತರ ಕೊಟ್ಟಿರುವ ಪ್ರಶ್ನೆಯೇ ಅದು. ಬೆಲೆ ಯಾವ ಲೆಕ್ಕದಲ್ಲಿ ನಿಂತಿದೆ, ಬಿಡಿಭಾಗ ಮತ್ತು ದುರಸ್ತಿಯ ವಿದ್ಯೆ ಯಾರ ಕೈಯಲ್ಲಿದೆ, ಯಂತ್ರದ ಆಯುಸ್ಸನ್ನು ಯಾವ ದಿನದಿಂದ ಎಣಿಸಬೇಕು ಎಂಬ ಪ್ರಶ್ನೆಗಳನ್ನು ನಾವು ತಡವಾಗಿ ಕೇಳಿದೆವು. ನಷ್ಟವಾದದ್ದು ಅಲ್ಲಿ.

1401 ಅಮೆರಿಕದಲ್ಲಿ ಪ್ರಕಟವಾದದ್ದು 1959ರ ಅಕ್ಟೋಬರಿನಲ್ಲಿ. ನಿರ್ವಾತ ಕೊಳವೆಗಳ ಜಾಗದಲ್ಲಿ ಟ್ರಾನ್ಸಿಸ್ಟರ್, ನೆನಪಿಗೆ ಕಾಂತೀಯ ಉಂಗುರಗಳ ಜಾಲ. ಆ ನೆನಪಿನ ಗಾತ್ರ 1,400 ಅಕ್ಷರಗಳಿಂದ ಹೆಚ್ಚೆಂದರೆ 16,000 ಅಕ್ಷರ. ಇಂದು ಒಂದು ಸಣ್ಣ ಚಿತ್ರವೂ ಅದರಲ್ಲಿ ಹಿಡಿಸಲಾರದು. ಆದರೆ ಪಂಚ್ ಕಾರ್ಡುಗಳನ್ನು ನಿಮಿಷಕ್ಕೆ 800ರಂತೆ ಓದಿ, ನಿಮಿಷಕ್ಕೆ 600 ಸಾಲು ಮುದ್ರಿಸುವ ಈ ಯಂತ್ರ ಸಂಬಳದ ಪಟ್ಟಿ, ಉಗ್ರಾಣದ ಲೆಕ್ಕ, ಬಿಲ್ಲು ಬರೆಯುವ ಕೆಲಸಗಳಿಗೆ ಹೇಳಿ ಮಾಡಿಸಿದಂತಿತ್ತು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾದವು; ಕಂಪ್ಯೂಟರ್ ಎಂಬುದು ಬೆರಳೆಣಿಕೆಯ ಸಂಸ್ಥೆಗಳಿಗೆ ಸೀಮಿತವಾಗಿದ್ದ ಕಾಲಕ್ಕೆ ಅದು ಬೆರಗಿನ ಸಂಖ್ಯೆ. ಇವುಗಳಲ್ಲಿ ಹೆಚ್ಚಿನವು ಮಾರಾಟವಾಗಲಿಲ್ಲ, ಬಾಡಿಗೆಗೆ ಹೋದವು. ಚಿಕ್ಕ ವ್ಯವಸ್ಥೆಯೊಂದಕ್ಕೆ ತಿಂಗಳಿಗೆ ಸುಮಾರು 2,500 ಡಾಲರ್. ನಾಲ್ಕೈದು ವರ್ಷದ ಬಾಡಿಗೆ ಸೇರಿದರೆ ಯಂತ್ರದ ಮಾರಾಟ ಬೆಲೆಯಷ್ಟಾಗುತ್ತಿತ್ತು; ಅದಾದ ಮೇಲೂ ಯಂತ್ರ ಕಂಪನಿಯದೇ. 1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಮ್/360 ಸರಣಿಯನ್ನು ಘೋಷಿಸಿತು. ಹೊಸ ಯಂತ್ರ ಬಯಸಿದ ಬಾಡಿಗೆದಾರರು ಹಳೆಯದನ್ನು ಹಿಂದಿರುಗಿಸತೊಡಗಿದರು. ಕೆಟ್ಟದ್ದಕ್ಕಲ್ಲ, ಮುಂದಿನ ತಲೆಮಾರು ಬಂದದ್ದಕ್ಕೆ. ರಿಫರ್ಬಿಶ್ ವ್ಯಾಪಾರದ ಮೂಲ ಅಂದಿಗೂ ಇಂದಿಗೂ ಇದೇ: ವಸ್ತುವಿನ ದೇಹ ಸವೆಯುವುದಕ್ಕಿಂತ ಮೊದಲೇ ಅದರ ಮೊದಲ ಗಿರಾಕಿಯ ಆಸೆ ಸವೆದಿರುತ್ತದೆ.

ಹಿಂದಿರುಗಿದ ಯಂತ್ರಗಳಿಗೆ ಐಬಿಎಂ ಕಂಡುಕೊಂಡ ನೆಲೆಗಳಲ್ಲಿ ಭಾರತವೂ ಒಂದು. 1950ರ ದಶಕದ ಆರಂಭದಿಂದಲೇ ಕಂಪನಿ ಇಲ್ಲಿತ್ತು. ಕಾರ್ಡು ತೂತು ಮಾಡುವ, ವಿಂಗಡಿಸುವ, ಕೂಡಿಸುವ ಯಂತ್ರಗಳನ್ನು ಸರ್ಕಾರಿ ಕಚೇರಿಗಳಿಗೆ, ಕಾರ್ಖಾನೆಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಆಗಿನ ಬೊಂಬಾಯಿಯಲ್ಲಿ ಅದರ ಕಾರ್ಖಾನೆಯಿತ್ತು. ಬೇರೆ ದೇಶಗಳಲ್ಲಿ ಬಳಕೆಯಿಂದ ಹೊರಬಿದ್ದ 1401ಗಳನ್ನು ಇದ್ದ ಸ್ಥಿತಿಯಲ್ಲೇ ಅಗ್ಗವಾಗಿ ತರಿಸಿ, ಅಲ್ಲಿ ಬಿಚ್ಚಿ, ಸರಿಪಡಿಸಿ, ದೇಶದ ಸಂಸ್ಥೆಗಳಿಗೆ ಬಾಡಿಗೆಗೆ ಕೊಡಲಾಯಿತು. ಆ ಕೆಲಸದ ಗುಣಮಟ್ಟದ ಬಗ್ಗೆ ಸಂಶಯಪಡಲು ಕಾರಣವಿಲ್ಲ. ಯಂತ್ರ ಕೆಟ್ಟು ನಿಂತರೆ ಓಡಿ ಬರಬೇಕಾದದ್ದು ಕಂಪನಿಯ ಎಂಜಿನಿಯರೇ, ಆ ಖರ್ಚೂ ಕಂಪನಿಯದೇ. ಹಾಗಾಗಿ ಅರೆಮನಸ್ಸಿನ ದುರಸ್ತಿಯಿಂದ ಐಬಿಎಂಗೇ ನಷ್ಟ. ಯಂತ್ರದ ಗಟ್ಟಿತನಕ್ಕೆ ಇನ್ನೊಂದು ಸಾಕ್ಷಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಜರ್ಮನಿಯಿಂದ ಒಂದು, ಅಮೆರಿಕದ ಕನೆಕ್ಟಿಕಟ್‌ನಿಂದ ಒಂದು, ಹೀಗೆ ತಂದ ಎರಡು 1401ಗಳನ್ನು ನಿವೃತ್ತ ಎಂಜಿನಿಯರುಗಳು ಅಲ್ಲಿ ಮತ್ತೆ ನಡೆಯುವಂತೆ ಮಾಡಿದ್ದಾರೆ. ಅರಿತವರ ಕೈಗೆ ಬಿದ್ದರೆ ಎಲೆಕ್ಟ್ರಾನಿಕ್ ಯಂತ್ರ ನಾವು ಅಂದಾಜಿಸುವುದಕ್ಕಿಂತ ಬಹಳ ಕಾಲ ಬಾಳುತ್ತದೆ.

ಹಾಗಿದ್ದರೆ ಭಾರತದಲ್ಲಿ ಆಕ್ಷೇಪ ಎದ್ದದ್ದು ಏಕೆ? ಆಕ್ಷೇಪ ಯಂತ್ರದ ಮೇಲಿರಲಿಲ್ಲ, ಲೆಕ್ಕದ ಮೇಲಿತ್ತು. ಮೊದಲ ಬಾಡಿಗೆದಾರರಿಂದ ಬೆಲೆ ವಸೂಲಾಗಿದ್ದ ಯಂತ್ರಕ್ಕೆ ಇಲ್ಲಿ ವಿಧಿಸುತ್ತಿದ್ದ ಬಾಡಿಗೆ, ಹೊಸ ಯಂತ್ರದ ಅಂತರರಾಷ್ಟ್ರೀಯ ಬೆಲೆಯನ್ನು ಆಧಾರವಾಗಿಟ್ಟುಕೊಂಡಿತ್ತು ಎಂಬುದು ಟೀಕಾಕಾರರ ಮುಖ್ಯ ವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಜಾರಾಮನ್ ಭಾರತದ ಕಂಪ್ಯೂಟಿಂಗ್ ಚರಿತ್ರೆಯನ್ನು ದಾಖಲಿಸುವಾಗ ಈ ವ್ಯವಹಾರವನ್ನು ವಿವರಿಸಿದ್ದಾರೆ. 1970ರ ದಶಕದ ನಡುವಿನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಸರ್ಕಾರಿ ಇಲಾಖೆಗಳ ಕಂಪ್ಯೂಟರ್ ಬಳಕೆಯನ್ನು ಪರಿಶೀಲಿಸಿ ಐಬಿಎಂ ನಡೆಯನ್ನು ಟೀಕಿಸಿತು. ಅಷ್ಟರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ ಅವರ ನೇತೃತ್ವದಲ್ಲಿ 1971ರಲ್ಲಿ ರಚನೆಯಾಗಿದ್ದ ಎಲೆಕ್ಟ್ರಾನಿಕ್ಸ್ ಆಯೋಗ ಬೇರೊಂದು ಪ್ರಶ್ನೆ ಎತ್ತಿತ್ತು: ಹೊರಗಿನವರು ಕೈಬಿಟ್ಟ ತಲೆಮಾರಿನ ಯಂತ್ರವನ್ನೇ ನಾವು ಹೊಸದೆಂಬಂತೆ ಹಿಡಿದುಕೊಂಡರೆ, ಇಲ್ಲಿನ ತಂತ್ರಜ್ಞಾನ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಉಳಿಯುವುದಿಲ್ಲವೇ? ನನ್ನ ಮಟ್ಟಿಗೆ ಈ ಎರಡರಲ್ಲಿ ಬೆಲೆಯ ಪ್ರಶ್ನೆಯೇ ಹೆಚ್ಚು ಬಲವಾದದ್ದು. ಸಂಬಳದ ಪಟ್ಟಿ ಮಾಡಲು ಹಳೆ ತಲೆಮಾರಿನ ಯಂತ್ರ ಸಾಕು. ಆದರೆ ಹಳೆಯದಕ್ಕೆ ಹಳೆಯದರ ಬೆಲೆಯೇ ಇರಬೇಕು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ಹಗುರವಾದವಲ್ಲ. ಆಗ ಭಾರತಕ್ಕೆ ಬೇರೆ ದಾರಿ ಎಲ್ಲಿತ್ತು? ವಿದೇಶಿ ವಿನಿಮಯದ ಕೊರತೆಯಿಂದ ಹೊಸ ಯಂತ್ರ ತರಿಸುವುದು ದುಸ್ತರವಾಗಿತ್ತು. ಹೈದರಾಬಾದಿನಲ್ಲಿ 1967ರಲ್ಲಿ ಆರಂಭವಾದ ಸರ್ಕಾರಿ ಕಂಪನಿ ಇಸಿಐಎಲ್ ಎರಡು ವರ್ಷದಲ್ಲಿ ಟಿಡಿಸಿ-12 ಎಂಬ ಕಂಪ್ಯೂಟರನ್ನು ಕಟ್ಟಿದರೂ, ಕಚೇರಿಯ ಲೆಕ್ಕಪತ್ರಕ್ಕೆ ಬೇಕಾದ ಸಾಫ್ಟ್‌ವೇರ್ ಮತ್ತು ಸಲಕರಣೆಗಳಲ್ಲಿ ಐಬಿಎಂಗೆ ಸಮನಾಗಿರಲಿಲ್ಲ. 1401ರ ಮುಂದೆ ಕುಳಿತೇ ನಮ್ಮ ಮೊದಲ ತಲೆಮಾರಿನ ಎಷ್ಟೋ ಪ್ರೋಗ್ರಾಮರುಗಳು ಆಟೋಕೋಡರ್, ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿತರು. ಇವೆಲ್ಲ ನಿಜ, ಮತ್ತು ರಿಫರ್ಬಿಶ್ ಯಂತ್ರದ ಪರವಾಗಿ ಇದಕ್ಕಿಂತ ಒಳ್ಳೆಯ ವಾದವಿಲ್ಲ: ಹೊಸದು ಕೈಗೆಟುಕದವರಿಗೆ ಅದು ಬಾಗಿಲು ತೆರೆಯುತ್ತದೆ. ಆದರೆ ಉಪಯೋಗವಾಯಿತು ಎಂಬುದರಿಂದ ಬೆಲೆ ನ್ಯಾಯವಾಗಿತ್ತು ಎಂದಾಗುವುದಿಲ್ಲ. ಬೇರೆ ದಾರಿಯಿಲ್ಲದ ಗಿರಾಕಿಯೇ ಬೆಲೆಯ ಲೆಕ್ಕವನ್ನು ಅತ್ಯಂತ ಎಚ್ಚರದಿಂದ ನೋಡಬೇಕಾದವನು. ಅವನ ಅನಿವಾರ್ಯತೆಯೂ ಬೆಲೆಯಲ್ಲಿ ಸೇರಿಕೊಂಡುಬಿಡುತ್ತದೆ.

ಇಂಥ ಗಿರಾಕಿಗೆ ಆಸರೆಯಾಗುವ ಕಾನೂನು ಐಬಿಎಂ ತವರಿನಲ್ಲೇ ರೂಪುಗೊಂಡಿತ್ತು. 1947ರಲ್ಲಿ ಚಾಂಪಿಯನ್ ಸ್ಪಾರ್ಕ್ ಪ್ಲಗ್ ಕಂಪನಿ ಮತ್ತು ಸ್ಯಾಂಡರ್ಸ್ ನಡುವಿನ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಬಳಸಿದ ಸ್ಪಾರ್ಕ್ ಪ್ಲಗ್‌ಗಳನ್ನು ಹೊರಗಿನವರು ಸರಿಪಡಿಸಿ ಚಾಂಪಿಯನ್ ಹೆಸರಿನಲ್ಲೇ ಮಾರುತ್ತಿದ್ದರು. ಹೆಸರನ್ನು ಅಳಿಸಬೇಕು ಎಂಬುದು ಕಂಪನಿಯ ಬೇಡಿಕೆ. ಮೂಲ ಹೆಸರು ಉಳಿಯಬಹುದು, ಆದರೆ ದುರಸ್ತಿ ಮಾಡಿದ್ದು ಅಥವಾ ಬಳಸಿದ್ದು ಎಂದು ಪ್ಲಗ್ಗಿನ ಮೇಲೆಯೇ ಸ್ಪಷ್ಟವಾಗಿ ಕಾಣಿಸಬೇಕು ಎಂದು ನ್ಯಾಯಾಲಯ ಹೇಳಿತು. ಹಳೆಯದನ್ನು ಮಾರುವುದು ತಪ್ಪಲ್ಲ, ಹಳೆಯದೆಂದು ಹೇಳದಿರುವುದು ತಪ್ಪು. ಅದಾದ ಒಂಬತ್ತು ವರ್ಷಕ್ಕೆ, 1956ರ ಜನವರಿಯಲ್ಲಿ, ಐಬಿಎಂ ತನ್ನ ಸರ್ಕಾರದೊಂದಿಗೆ ಒಪ್ಪಂದಕ್ಕೆ ಬರಬೇಕಾಯಿತು. ಬಾಡಿಗೆಗೆ ಮಾತ್ರವಲ್ಲ, ಬಾಡಿಗೆಗೆ ಹೊಂದುವ ಬೆಲೆಯಲ್ಲಿ ಯಂತ್ರವನ್ನು ಮಾರಲೂ ಬೇಕು. ಯಂತ್ರ ಕೊಂಡವರಿಗೆ ಬಿಡಿಭಾಗ ಒದಗಿಸಬೇಕು ಎಂಬುದು ಅದರ ಮುಖ್ಯಾಂಶಗಳಲ್ಲಿ ಸೇರಿತ್ತು. ಅಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿಗೂ ಮಾರುಕಟ್ಟೆ ಬೆಳೆಯಲು ಇದು ನೆಲ ಹದಮಾಡಿತು. ಮಾರುಕಟ್ಟೆ ಇದ್ದಲ್ಲಿ ಹಳೆ ಯಂತ್ರದ ಬೆಲೆ ತಾನಾಗಿ ತಿಳಿಯುತ್ತದೆ. ಭಾರತದಲ್ಲಿ ಅಂಥ ಮಾರುಕಟ್ಟೆ ಇರಲಿಲ್ಲ, ಆ ಒಪ್ಪಂದದ ಬಲವೂ ಇಲ್ಲಿನ ಬಾಡಿಗೆದಾರನಿಗೆ ಇರಲಿಲ್ಲ. ಯಂತ್ರ ಒಂದೇ ಆಗಿದ್ದರೂ ಅದನ್ನು ಪಡೆದವರ ಕೈಬಲ ಒಂದೇ ಆಗಿರಲಿಲ್ಲ.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಹುತೇಕ ವಿದೇಶಿ ಕಂಪನಿಗಳು ತಮ್ಮ ಭಾರತೀಯ ಘಟಕದ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂದಿತು. ಐಬಿಎಂ ಒಪ್ಪಲಿಲ್ಲ, ಜನತಾ ಸರ್ಕಾರದ ಕಾಲದಲ್ಲಿ, 1978ರಲ್ಲಿ, ಇಲ್ಲಿನ ವಹಿವಾಟು ಮುಚ್ಚಿ ಹೊರಟಿತು. ಆಗ ಹುಟ್ಟಿದ ಭಯವೇನೆಂದರೆ, ತಯಾರಕನೇ ಇಲ್ಲದ ಮೇಲೆ ಈ ಯಂತ್ರಗಳ ಗತಿಯೇನು? ತಯಾರಕನ ಕೈಯಿಂದ ಬಂದ ರಿಫರ್ಬಿಶ್ ವಸ್ತುವೇ ಶ್ರೇಷ್ಠ ಎನ್ನುವವರ ವಾದವೂ ಇದೇ ಭಯದ ಮೇಲೆ ನಿಂತಿದೆ: ಮಾಡಿದವನಿಗೆ ಮಾತ್ರ ಯಂತ್ರದ ಮರ್ಮ ಗೊತ್ತು. ನಡೆದದ್ದು ಬೇರೆ. ಸರ್ಕಾರ 1970ರ ದಶಕದ ನಡುವಿನಲ್ಲಿ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ, ಐಬಿಎಂ ಯಂತ್ರಗಳ ನಿರ್ವಹಣೆಯನ್ನು ವಹಿಸಿಕೊಂಡಿತು. ಯಂತ್ರಗಳು ಓಡುತ್ತಲೇ ಇದ್ದವು. ಕಂಪನಿಯಲ್ಲಿ ಪಳಗಿದ ಭಾರತೀಯ ಎಂಜಿನಿಯರುಗಳ ಅನುಭವ ಇದಕ್ಕೆ ನೆರವಾಯಿತು ಎಂಬುದನ್ನು ಮರೆಯಬಾರದು, ಆದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಮರ್ಮವಿದ್ದದ್ದು ಕಲಿತ ಕೈಗಳಲ್ಲಿ, ಬಿಡಿಭಾಗದ ದಾಸ್ತಾನಿನಲ್ಲಿ, ನಕ್ಷೆ ಮತ್ತು ಕೈಪಿಡಿಗಳಲ್ಲಿ, ಕಂಪನಿಯ ಹೆಸರಿನಲ್ಲಲ್ಲ. 1992ರಲ್ಲಿ ಐಬಿಎಂ ಟಾಟಾ ಸಮೂಹದೊಂದಿಗೆ ಸೇರಿ ಬೆಂಗಳೂರಿಗೆ ಬಂದಾಗ ಎದುರಾದದ್ದು ಬಾಡಿಗೆಗೆ ಕಾದು ಕುಳಿತ ದೇಶವಲ್ಲ, ಯಂತ್ರ ಕಟ್ಟಲೂ ದುರಸ್ತಿ ಮಾಡಲೂ ಕಲಿತಿದ್ದ ದೇಶ.

ಆ ಹಳೆಯ ವಾದವಿವಾದ 2016ರಲ್ಲಿ ಮತ್ತೆ ಕೇಳಿಬಂತು. ಬಳಸಿದ ಐಫೋನುಗಳನ್ನು ತರಿಸಿ ರಿಫರ್ಬಿಶ್ ಮಾಡಿ ಭಾರತದಲ್ಲಿ ಮಾರಲು ಆ್ಯಪಲ್ ಅನುಮತಿ ಕೇಳಿತು. ದೇಶೀ ಮೊಬೈಲ್ ತಯಾರಕರು ವಿರೋಧಿಸಿದರು, ಇ-ತ್ಯಾಜ್ಯ ಇಲ್ಲಿ ಬಂದು ಬೀಳುತ್ತದೆಂಬ ಆತಂಕ ವ್ಯಕ್ತವಾಯಿತು, ಸರ್ಕಾರ ನಿರಾಕರಿಸಿತು. ಇ-ತ್ಯಾಜ್ಯದ ಆತಂಕ ನ್ಯಾಯವಾದದ್ದೇ. ಆದರೂ ಬಾಗಿಲು ಪೂರ್ತಿ ಮುಚ್ಚುವುದು 1401ರ ಅನುಭವದಿಂದ ಕಲಿಯಬೇಕಾದ ಪಾಠವಲ್ಲ. ದೇಶದೊಳಗೇ ಬಳಕೆಯಾದ ವಸ್ತುಗಳ ಮಟ್ಟಿಗೆ 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ರಿಫರ್ಬಿಶ್ ಮಾಡುವವರು ನೋಂದಾಯಿಸಿಕೊಳ್ಳಬೇಕೆಂದು ಹೇಳಿ, ಈ ಕಸುಬಿಗೆ ಕಾನೂನಿನಲ್ಲಿ ಒಂದು ಜಾಗ ಕೊಟ್ಟಿವೆ. ಅದು ಸರಿಯಾದ ದಿಕ್ಕು.

ಇನ್ನು ಇಂದು ಕೊಳ್ಳುವವರಿಗೆ ಸಿಗುವುದೇನು ಎಂದು ನೋಡಿದರೆ, ವಿದೇಶದ ಅಧಿಕೃತ ಮಳಿಗೆಗಳಲ್ಲಿ ಆ್ಯಪಲ್ ರಿಫರ್ಬಿಶ್ ಫೋನಿಗೆ ಹೊಸ ಬ್ಯಾಟರಿ, ಹೊಸ ಹೊರಕವಚ, ಹೊಸದಕ್ಕೆ ಕೊಡುವಂತೆಯೇ ಒಂದು ವರ್ಷದ ವಾರಂಟಿ ಕೊಡುತ್ತದೆ. ಹೊಸದಲ್ಲ ಎಂಬುದನ್ನು ಮಾದರಿ ಸಂಖ್ಯೆಯ ಮೊದಲ ಅಕ್ಷರವೇ ತಿಳಿಸುತ್ತದೆ; ಹೊಸ ಫೋನಿಗೆ 'ಎಂ' ಇದ್ದರೆ ಇದಕ್ಕೆ 'ಎಫ್'. 1947ರ ತೀರ್ಪು ಕೇಳಿದ ಪ್ರಾಮಾಣಿಕತೆಯ ಒಂದು ರೂಪ ಇದು. ಆದರೆ ಬಾಡಿಗೆಯ ಕಾಲಕ್ಕೂ ಈಗಿನ ಮಾರಾಟದ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. 1401 ಕಂಪನಿಯ ಸ್ವತ್ತಾಗಿದ್ದಷ್ಟು ಕಾಲವೂ ಅದನ್ನು ನಡೆಸುವ ಹೊಣೆ ಕಂಪನಿಯದಾಗಿತ್ತು. ಮಾರಿದ ಫೋನಿನ ಹೊಣೆ ವಾರಂಟಿ ಮುಗಿದ ದಿನ ಕೊಂಡವರ ಹೆಗಲಿಗೆ ಬೀಳುತ್ತದೆ. ಅಲ್ಲಿಂದಾಚೆಗೆ ಬಿಡಿಭಾಗ ಸಿಗುತ್ತದೆಯೇ, ಹೊರಗಿನ ದುರಸ್ತಿಗಾರರ ಕೈಗೂ ಕೈಪಿಡಿ ತಲುಪುತ್ತದೆಯೇ ಎಂಬುದು ಮುಖ್ಯ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿದಾಗ ಮೊಬೈಲುಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಬ್ಯಾಟರಿ ಹೊಸದಾದರೂ ಸಾಫ್ಟ್‌ವೇರಿನ ಆಯುಸ್ಸು ಹೊಸದಾಗುವುದಿಲ್ಲ. ಸುರಕ್ಷತಾ ಅಪ್‌ಡೇಟುಗಳ ಗಡುವನ್ನು ಕಂಪನಿಗಳು ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದ ಲೆಕ್ಕದಲ್ಲಿ ನಿಗದಿ ಮಾಡುತ್ತವೆ, ರಿಫರ್ಬಿಶ್ ಆದ ದಿನದಿಂದಲ್ಲ. ಏಳು ವರ್ಷದ ಅಪ್‌ಡೇಟ್ ಇರುವ ಫೋನನ್ನು ನಾಲ್ಕನೆಯ ವರ್ಷ ಮುಗಿದಾಗ ಕೊಂಡರೆ ಉಳಿಯುವುದು ಮೂರೇ ವರ್ಷ. ಹೊಸ ಫೋನಿನ ಬೆಲೆಗಿಂತ ಎಷ್ಟು ಕಡಿಮೆ ಎಂದು ನೋಡಿ ಸಮಾಧಾನಪಡುವ ಬದಲು, ರಿಫರ್ಬಿಶ್ ಫೋನಿಗೆ ಕೊಡುವ ಹಣವನ್ನು ಆ ಮೂರು ವರ್ಷಕ್ಕೆ ಹಂಚಿ ನೋಡಬೇಕು, ಹೊಸ ಫೋನಿನ ಬೆಲೆಯನ್ನು ಏಳಕ್ಕೆ ಹಂಚಿ ಪಕ್ಕದಲ್ಲಿಡಬೇಕು, ಶೇ. 15ರಷ್ಟು ರಿಯಾಯಿತಿ ಆ ಲೆಕ್ಕದಲ್ಲಿ ನಿಲ್ಲುವುದೇ ಇಲ್ಲ.