ಇತಿಹಾಸ ಓದಿದವರ ಕಸುಬು: ವಾಷಿಂಗ್ಟನ್‌ನಿಂದ ಅಟ್ಲಾಂಟಾವರೆಗೆ

ಆಶ್‌ಬರ್ನ್, ಕ್ಯಾರಿ, ಆಲ್ಫಾರೆಟ್ಟಾ, ಯಾವ ಊರಿನ ಯುಗಾದಿ ಊಟವೇ ಆಗಲಿ, ಮಗಳು ಕಾಲೇಜಿನಲ್ಲಿ ಹಿಸ್ಟರಿ ತೆಗೆದುಕೊಂಡಿದ್ದಾಳೆ ಎಂದರೆ ಎರಡು ಸಮಾಧಾನ ಸಿದ್ಧವಾಗಿರುತ್ತವೆ. ‘ಆಮೇಲೆ ಲಾ ಮಾಡಲಿ ಬಿಡಿ’ ಎಂಬುದು ಹಿರಿಯರದು. ‘ಕ್ರಿಟಿಕಲ್ ಥಿಂಕಿಂಗ್ ಬರುತ್ತೆ, ಯಾವ ಕಂಪನಿಯಾದರೂ ತಗೊಳ್ಳುತ್ತೆ’ ಎಂಬುದು ವಿಶ್ವವಿದ್ಯಾಲಯಗಳೇ ಈಚೆಗೆ ಹಂಚುತ್ತಿರುವ ಮಾತು. ಇತಿಹಾಸಕ್ಕೆ ತನ್ನದೆಂಬ ಕಸುಬೇ ಇಲ್ಲ ಎನ್ನುವುದನ್ನು ಇಬ್ಬರೂ ಒಪ್ಪಿಕೊಂಡಂತಿದೆ. ಬಹುಕಾಲ ದಾಖಲೆಗಳ ನಡುವೆಯೇ ದುಡಿದ ನನಗೆ ಇದು ಒಪ್ಪಿಗೆಯಿಲ್ಲ. ವಾಷಿಂಗ್ಟನ್‌ನಿಂದ ಕೆರೊಲೈನಾಗಳನ್ನು ಹಾದು ಅಟ್ಲಾಂಟಾ ಮುಟ್ಟುವ ಸೀಮೆಯಲ್ಲಿ ಆ ಕಸುಬು ಬೆಳೆದ ಬಗೆಯನ್ನು ನೋಡಿ.

ಮೊದಲ ಅಧ್ಯಾಯ ಬೇಗ ಮುಗಿಯುತ್ತದೆ. ಜರ್ಮನಿಯಲ್ಲಿ ಕಲಿತು ಬಂದ ಹರ್ಬರ್ಟ್ ಬ್ಯಾಕ್ಸ್ಟರ್ ಆಡಮ್ಸ್ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸೆಮಿನಾರ್ ಪದ್ಧತಿ ಬೇರೂರಿಸಿದರು. 1884ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಹುಟ್ಟಿತು. 1889ರಲ್ಲಿ ಅದಕ್ಕೆ ಕಾಂಗ್ರೆಸ್ಸಿನ ಸನ್ನದು ಸಿಕ್ಕಿತು. ಇತಿಹಾಸಕಾರ ಎಂದರೆ ಪ್ರೊಫೆಸರ್ ಎಂಬ ನಂಬಿಕೆ ಗಟ್ಟಿಯಾದದ್ದು ಆಗಲೇ. ಅಂತರ್ಯುದ್ಧದ ನಂತರದ ದಕ್ಷಿಣದಲ್ಲಿ ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟದ್ದೇ ತಪ್ಪಾಯಿತು ಎಂಬ ಧಾಟಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡನ್ನಿಂಗ್ ಪಂಥದವರು ಬರೆದದ್ದು ದಶಕಗಳ ಕಾಲ ಪಠ್ಯವಾಗಿ ನಡೆಯಿತು. ಅಡಿಟಿಪ್ಪಣಿಗಳೇನೋ ಅಚ್ಚುಕಟ್ಟಾಗಿದ್ದವು.

ಉತ್ತರ ಬಂದದ್ದು ಆ ಬಾಗಿಲ ಹೊರಗಿದ್ದವರಿಂದ. 1897ರಿಂದ 1910ರವರೆಗೆ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಡಬ್ಲ್ಯು.ಇ.ಬಿ. ಡು ಬಾಯ್ಸ್ 1935ರಲ್ಲಿ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಪ್ರಕಟಿಸಿದಾಗ, ಅಸೋಸಿಯೇಷನ್ನಿನ ಪತ್ರಿಕೆ ಅದರ ವಿಮರ್ಶೆಯನ್ನೇ ಹಾಕಲಿಲ್ಲ. ಗಣಿ ಕೆಲಸ ಮಾಡಿ ಬೆಳೆದು 1912ರಲ್ಲಿ ಹಾರ್ವರ್ಡ್‌ನ ಪಿಎಚ್.ಡಿ. ಪಡೆದ ಕಾರ್ಟರ್ ವುಡ್ಸನ್ ವಾಷಿಂಗ್ಟನ್ನಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಅವರು 1915ರಲ್ಲಿ ಕಪ್ಪು ಜನರ ಇತಿಹಾಸಕ್ಕೆಂದೇ ಸಂಘ ಕಟ್ಟಿದರು, ಮರುವರ್ಷ ಪತ್ರಿಕೆ ತಂದರು. ಇಂದಿನ ಬ್ಲ್ಯಾಕ್ ಹಿಸ್ಟರಿ ಮಂತ್‌ನ ಮೂಲವಾದ ವಾರಾಚರಣೆಯನ್ನು 1926ರಲ್ಲಿ ಶುರುಮಾಡಿದರು. ನೈನ್ತ್ ಸ್ಟ್ರೀಟಿನಲ್ಲಿದ್ದ ಅವರ ಮನೆಯೇ ಸಂಘದ ಕಚೇರಿ.

ಮೂರನೆಯವರು ಜಾನ್ ಹೋಪ್ ಫ್ರಾಂಕ್ಲಿನ್. 1939ರಲ್ಲಿ ಅವರು ಸಂಶೋಧನೆಗೆಂದು ರಾಲಿಯಲ್ಲಿರುವ ನಾರ್ತ್ ಕೆರೊಲೈನಾ ರಾಜ್ಯ ಪತ್ರಾಗಾರಕ್ಕೆ ಹೋದರು. ಕಪ್ಪು ಸಂಶೋಧಕರೊಬ್ಬರು ಬರಬಹುದೆಂದು ಆ ಕಟ್ಟಡ ಕಟ್ಟಿದವರಿಗೆ ತೋಚಿರಲಿಲ್ಲ. ಕೆಲವು ದಿನ ಕಾಯಿಸಿ ಅವರಿಗೆಂದೇ ಬೇರೆ ಕೋಣೆ ಮಾಡಿಕೊಟ್ಟರು. ಬಿಳಿಯ ಸಹಾಯಕರು ಕಪ್ಪು ಮನುಷ್ಯನಿಗೆ ಕಾಗದ ಎತ್ತಿಕೊಡುವಂತಿಲ್ಲವಲ್ಲ, ಅದಕ್ಕೆ ಉಗ್ರಾಣದ ಕೀಲಿಯನ್ನೇ ಅವರ ಕೈಗಿತ್ತರು. ಬೇಕಾದ ಕಟ್ಟನ್ನು ತಾವೇ ಹುಡುಕಿ ತರುವ ಭಾಗ್ಯ! ‘ನಮಗಿಲ್ಲದ ಸವಲತ್ತು ಅವನಿಗೇಕೆ’ ಎಂದು ಬಿಳಿಯ ಸಂಶೋಧಕರು ತಕರಾರು ತೆಗೆದ ಮೇಲೆ ಕೀಲಿ ಹಿಂದಕ್ಕೆ ಹೋಯಿತು. ಇದೇ ಫ್ರಾಂಕ್ಲಿನ್ 1953ರಲ್ಲಿ, ಹೊವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ, ಶಾಲೆಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿದ ಬ್ರೌನ್ ಮೊಕದ್ದಮೆಯ ವಕೀಲರಿಗೆ ಸಂವಿಧಾನದ 14ನೇ ತಿದ್ದುಪಡಿಯ ಇತಿಹಾಸ ಶೋಧಿಸಿಕೊಡಲು ನೆರವಾದರು. ‘ಲಾ ಮಾಡಲಿ’ ಎನ್ನುವವರು ಇದನ್ನು ನೆನಪಿಡಬೇಕು: ಅಂದು ವಕೀಲರೇ ಇತಿಹಾಸಕಾರರ ಬಳಿಗೆ ಬಂದಿದ್ದರು.

ಸಂಬಳದ ಕೆಲಸಗಳನ್ನು ಸೃಷ್ಟಿಸಿದ್ದು ಮಾತ್ರ ಬಹುಪಾಲು ಸರ್ಕಾರ. ನ್ಯಾಷನಲ್ ಆರ್ಕೈವ್ಸ್ ಸ್ಥಾಪನೆಯಾದದ್ದು 1934ರಲ್ಲಿ. 1966ರ ನ್ಯಾಷನಲ್ ಹಿಸ್ಟಾರಿಕ್ ಪ್ರಿಸರ್ವೇಷನ್ ಆ್ಯಕ್ಟಿನ 106ನೇ ಸೆಕ್ಷನ್ನಿನ ಪ್ರಕಾರ, ಕೇಂದ್ರದ ಹಣ ಅಥವಾ ಪರವಾನಗಿ ಇರುವ ಯಾವುದೇ ಕಾಮಗಾರಿಯಿಂದ ಹಳೆಯ ಕಟ್ಟಡ, ಸ್ಮಾರಕಗಳಿಗೆ ಏನಾಗುತ್ತದೆಂದು ಮೊದಲು ಪರಿಶೀಲಿಸಲೇಬೇಕು. ಹೀಗಾಗಿ ಹೆದ್ದಾರಿ ಇಲಾಖೆಗೂ ಇತಿಹಾಸ ಓದಿದವರು ಬೇಕಾದರು. ಸ್ಟೇಟ್ ಡಿಪಾರ್ಟ್‌ಮೆಂಟಿಗೆ, ಸೈನ್ಯಕ್ಕೆ, 1975ರಿಂದ ಸೆನೆಟ್ಟಿಗೂ ತಮ್ಮದೇ ಇತಿಹಾಸಕಾರರಿದ್ದಾರೆ. ನಮ್ಮಲ್ಲೂ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ಯರು ಶಾಸನ ಓದಿದ್ದು ಮೈಸೂರು ಸರ್ಕಾರದ ಇಲಾಖೆಯಲ್ಲಿ ಕೂತೇ.

1970ರ ದಶಕದಲ್ಲಿ ಪ್ರೊಫೆಸರ್ ಹುದ್ದೆಗಳು ಬತ್ತಿದವು. ಪಿಎಚ್.ಡಿ. ಮುಗಿಸಿದವರು ಬೀದಿಗೆ ಬಿದ್ದರು. ನಮ್ಮ ಪೀಳಿಗೆ ಆತುಕೊಂಡ ಪಬ್ಲಿಕ್ ಹಿಸ್ಟರಿ, ಅಂದರೆ ತರಗತಿಯ ಹೊರಗಿನ ಇತಿಹಾಸದ ಕಸುಬು, ಬೆಳೆದದ್ದು ಆ ಬಿಕ್ಕಟ್ಟಿನಿಂದಲೇ. ಕೊಲಂಬಿಯಾದ ಸೌತ್ ಕೆರೊಲೈನಾ ವಿಶ್ವವಿದ್ಯಾಲಯ ದೇಶದಲ್ಲೇ ಮೊದಮೊದಲು ಇದರಲ್ಲಿ ಎಂ.ಎ. ತೆರೆದ ಕಡೆಗಳಲ್ಲೊಂದು. ಆದರೆ ನನ್ನ ಪಕ್ಷಪಾತ ಚಾಪೆಲ್ ಹಿಲ್‌ನ ಕಡೆಗೆ. 1973ರಲ್ಲಿ ಜಾಕ್ವೆಲಿನ್ ಡೌಡ್ ಹಾಲ್ ಅಲ್ಲಿ ಸದರ್ನ್ ಓರಲ್ ಹಿಸ್ಟರಿ ಪ್ರೋಗ್ರಾಂ ಶುರುಮಾಡಿದರು. ಅವರೂ ಅವರ ಸಂಗಡಿಗರೂ ಪೀಡ್‌ಮಾಂಟ್ ಸೀಮೆಯ ಹತ್ತಿ ಗಿರಣಿ ಕಾರ್ಮಿಕರ ಮನೆಮನೆಗೆ ಟೇಪ್ ರೆಕಾರ್ಡರ್ ಒಯ್ದರು. ಅದರಿಂದ 1987ರಲ್ಲಿ ಬಂದ ‘ಲೈಕ್ ಎ ಫ್ಯಾಮಿಲಿ’ ಓದಿದವರಿಗೆ ಗಿರಣಿ ಮಾಲೀಕರ ಲೆಕ್ಕದ ಪುಸ್ತಕಗಳು ಎಷ್ಟನ್ನು ಹೇಳದೆ ಬಿಟ್ಟಿದ್ದವು ಎಂಬುದು ತಿಳಿಯುತ್ತದೆ. ಈ ಕೆಲಸ ಸಲೀಸಲ್ಲ. ಒಂದು ಗಂಟೆಯ ಟೇಪನ್ನು ಬರಹಕ್ಕಿಳಿಸಲು ಆರೇಳು ಗಂಟೆ ಬೇಕು. ಮಾತಾಡಿದವರ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಅಜ್ಜಿ ‘ಆಗ’ ಎಂದದ್ದು ಯಾವ ವರ್ಷವೆಂದು ಪತ್ತೆ ಹಚ್ಚಬೇಕು. ‘ಮುದುಕರ ಹರಟೆ’ ಎಂದು ಮೂಗು ಮುರಿದ ಪ್ರೊಫೆಸರುಗಳ ಶಿಷ್ಯರೇ ಇಂದು ಅದನ್ನು ಅಡಿಟಿಪ್ಪಣಿಯಲ್ಲಿ ಹಾಕುತ್ತಾರೆ.

ಈಗಿನ ಕಾಲ ಕಷ್ಟದ್ದೇ. 2008ರಲ್ಲಿ ಅಮೆರಿಕದಲ್ಲಿ ಇತಿಹಾಸದ ಪದವಿ ಪಡೆದವರು ಸುಮಾರು 34 ಸಾವಿರ, 2017ರಲ್ಲಿ ಸುಮಾರು 24 ಸಾವಿರ. 2016ರಲ್ಲಿ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ, 2023ರಲ್ಲಿ ಚಾರ್ಲ್ಸ್‌ಟನ್ನಿನದು ತೆರೆದಾಗ ಹುರುಪು ಬಂದದ್ದು ನಿಜ. 2025ರ ಏಪ್ರಿಲ್‌ನಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ದ ಹ್ಯುಮಾನಿಟೀಸ್ ರಾಶಿ ರಾಶಿ ಅನುದಾನ ರದ್ದು ಮಾಡಿದಾಗ ಆ ಹುರುಪು ಇಳಿಯಿತು. ಮ್ಯೂಸಿಯಂಗಳಲ್ಲಿ ಮೊದಲ ಕೆಲಸ ಬಹುಮಟ್ಟಿಗೆ ಕಾಂಟ್ರಾಕ್ಟಿನದು. ಸಾಫ್ಟ್‌ವೇರ್ ಸಂಬಳದ ಕನಸು ಇಟ್ಟುಕೊಂಡವರು ಈ ಕಡೆ ಬರಬಾರದು.

ಗಿರಣಿ ಕಾರ್ಮಿಕರ ಕಥೆ ದಾಖಲಾದ ಈ ಸೀಮೆಯಲ್ಲೇ ನಮ್ಮ ಕಥೆಯ ಗತಿ ಏನು? 1965ರ ವಲಸೆ ಕಾಯ್ದೆಯ ಬೆನ್ನಿಗೆ ಬಂದ ಡಾಕ್ಟರು, ಎಂಜಿನಿಯರುಗಳಿಗೆ ಎಂಬತ್ತು ದಾಟುತ್ತಿದೆ. ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗದಂಥ ಕೂಟಗಳು ಕಟ್ಟಿದ ಬದುಕಿನ ನಡಾವಳಿ ಪುಸ್ತಕ, ಸ್ಮರಣ ಸಂಚಿಕೆ, ನಾಟಕದ ವಿಎಚ್‌ಎಸ್ ಕ್ಯಾಸೆಟ್ಟುಗಳು ಯಾರ ಯಾರದೋ ಗ್ಯಾರೇಜಿನಲ್ಲಿ ಕೂತಿರುತ್ತವೆ. ಮನೆ ಮಾರುವಾಗ ಮೊದಲು ಕಸಕ್ಕೆ ಹೋಗುವುದು ಅವೇ. ದಯವಿಟ್ಟು ಎಸೆಯಬೇಡಿ. ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ವರ್ಷ, ಊರು ಬರೆದಿಡಿ. 2008ರಿಂದ ನಡೆಯುತ್ತಿರುವ ಫಿಲಡೆಲ್ಫಿಯಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಇಂಥವುಗಳ ಡಿಜಿಟಲ್ ಪ್ರತಿ ಮಾತ್ರ ಇಟ್ಟುಕೊಳ್ಳುತ್ತದೆ. ಮೂಲ ನಿಮ್ಮಲ್ಲೇ ಉಳಿಯುತ್ತದೆ.