ಸ್ತನ ಕ್ಯಾನ್ಸರ್ ಸರ್ಜರಿ: ವಿಕಿರಣ ಔಷಧಿ ಇಲ್ಲದೆಯೂ ‘ಕಾವಲು ಗ್ರಂಥಿ’ ಪತ್ತೆ ಹಚ್ಚಬಹುದು

ನೀಲಗಿರಿಯ ಚಹಾ ತೋಟದಲ್ಲಿ ಎಲೆ ಕೀಳುವ ಹೆಂಗಸಿಗೆ ಕೈಯೇ ಬಂಡವಾಳ. ಸ್ತನದ ಗಂಟಿಗೆ ಆಪರೇಶನ್ ಆಗಿ ಕ್ಯಾನ್ಸರ್ ಗುಣವಾದರೂ ಆ ಬದಿಯ ಕೈ ಊದಿ ಭಾರವಾದರೆ ಆಕೆಯ ದುಡಿಮೆ ನಿಂತಂತೆಯೇ. ಮಗುವನ್ನು ಎತ್ತಿಕೊಳ್ಳಲು, ಬಿಂದಿಗೆ ಹಿಡಿಯಲು, ನಮಾಝಿನಲ್ಲಿ ಸುಜೂದ್‌ಗೆ ಕೈ ಊರಲು ಕೂಡ ಕಷ್ಟ. ಈ ಊತಕ್ಕೆ ವೈದ್ಯರು ಲಿಂಫೆಡಿಮಾ ಎನ್ನುತ್ತಾರೆ. ಒಮ್ಮೆ ಬಂದರೆ ಪೂರ್ತಿ ಹೋಗುವುದು ಅಪರೂಪ.

ಇದಕ್ಕೆ ದೊಡ್ಡ ಕಾರಣ ಕಂಕುಳಿನ ದುಗ್ಧಗ್ರಂಥಿಗಳನ್ನೆಲ್ಲ ತೆಗೆದುಹಾಕುವುದು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯ ಪ್ರಕಾರ, ಹಾಗೆ ತೆಗೆದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಕೈ ಊತ ಬಂದಿದೆ. ‘ಕಾವಲು ಗ್ರಂಥಿ’ಗಳನ್ನಷ್ಟೇ ತೆಗೆದವರಲ್ಲಿ ಈ ಪ್ರಮಾಣ ನೂರಕ್ಕೆ 5ರಿಂದ 6 ಮಾತ್ರ.

ಏನಿದು ಕಾವಲು ಗ್ರಂಥಿ?

ಸ್ತನದಿಂದ ಕ್ಯಾನ್ಸರ್ ಕಣಗಳು ಹೊರಟರೆ ಸಾಮಾನ್ಯವಾಗಿ ಮೊದಲು ತಲುಪುವುದು ಕಂಕುಳಿನ ಒಂದೆರಡು ಗ್ರಂಥಿಗಳನ್ನು. ಇವು ಊರ ಬಾಗಿಲಿನ ಕಾವಲುಗಾರರಿದ್ದಂತೆ. ಇವುಗಳನ್ನು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಕಾಣದಿದ್ದರೆ ಒಳಗಿನ ಉಳಿದ ಗ್ರಂಥಿಗಳಿಗೂ ಹರಡಿಲ್ಲವೆಂದು ನಂಬಬಹುದು, ಅವನ್ನು ಮುಟ್ಟುವ ಅಗತ್ಯವಿಲ್ಲ. ಇಟಲಿಯ ಮಿಲಾನ್‌ನಲ್ಲಿ ಡಾ. ಉಂಬರ್ಟೊ ವೆರೊನೇಸಿ ತಂಡ 516 ಮಹಿಳೆಯರಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾದ ಬಳಿಕ ಈ ಪದ್ಧತಿ ಜಗತ್ತಿನಾದ್ಯಂತ ಬೇರೂರಿತು.

ವಿಕಿರಣ ಔಷಧಿಯ ತೊಡಕು

ಈ ಗ್ರಂಥಿಯನ್ನು ಗುರುತಿಸಲು ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಔಷಧಿಯನ್ನು ಸ್ತನಕ್ಕೆ ಚುಚ್ಚಿ, ಗಾಮಾ ಪ್ರೋಬ್ ಎಂಬ ಉಪಕರಣದಿಂದ ಹುಡುಕುವುದು ಹಳೆಯ ವಿಧಾನ. ಇದರ ವಿಕಿರಣ ತೀರಾ ಕಡಿಮೆ, ರೋಗಿ ಹೆದರಬೇಕಾಗಿಲ್ಲ. ತೊಡಕಿರುವುದು ಸಮಯದಲ್ಲಿ ಮತ್ತು ದೂರದಲ್ಲಿ. ಔಷಧಿಯ ಶಕ್ತಿ ಪ್ರತಿ 6 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. 24 ಗಂಟೆ ಕಳೆದರೆ 16ರಲ್ಲಿ ಒಂದು ಪಾಲು ಮಾತ್ರ ಬಾಕಿ. ಮೇಲಾಗಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ತರಬೇತಿ ಪಡೆದ ಸಿಬ್ಬಂದಿ ಎಲ್ಲವೂ ಬೇಕು.

ಗೂಡಲೂರು, ಮಸಿನಗುಡಿಯಂಥ ಊರುಗಳಿಂದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದೆಂದರೆ ಒಂದೋ ಘಟ್ಟ ಇಳಿದು ಕೊಯಮತ್ತೂರು, ಇಲ್ಲವೇ ಬಂಡೀಪುರ ಕಾಡು ದಾಟಿ ಮೈಸೂರು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧವಿದೆ. ಉದಕಮಂಡಲದಲ್ಲಿ 700 ಹಾಸಿಗೆಗಳ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಗಿದೆ. ಬೆಟ್ಟದ ಮೇಲೆಯೇ ಸರ್ಜರಿ ಸೌಲಭ್ಯ ಬೆಳೆಯುವಾಗ ಐಸೊಟೋಪ್ ಬೇಡದ ವಿಧಾನಗಳಿಗೆ ಬೆಲೆ ಹೆಚ್ಚು.

ವಿಕಿರಣ ಬೇಡದ ನಾಲ್ಕು ದಾರಿಗಳು

1. ನೀಲಿ ಬಣ್ಣ: ಮೆಥಿಲೀನ್ ಬ್ಲೂ ಅಗ್ಗ, ಸುಲಭವಾಗಿ ಸಿಗುತ್ತದೆ. ಅರಿವಳಿಕೆ ಕೊಟ್ಟ ನಂತರ ಮೊಲೆತೊಟ್ಟಿನ ಸುತ್ತ ಚುಚ್ಚಿ ಕೆಲವು ನಿಮಿಷ ಮೆತ್ತಗೆ ಉಜ್ಜಿದರೆ ಬಣ್ಣ ಹರಿದು ಕಾವಲು ಗ್ರಂಥಿ ನೀಲಿಯಾಗುತ್ತದೆ. ಮಾರನೇ ದಿನ ಮೂತ್ರ ಹಸಿರು-ನೀಲಿಯಾಗಿ ಕಂಡರೆ ಗಾಬರಿ ಬೇಡ. ಆದರೆ ಗರ್ಭಿಣಿಯರಿಗೂ, ಜಿ6ಪಿಡಿ ಕೊರತೆ ಇರುವವರಿಗೂ ಇದು ಸಲ್ಲದು. ಕೊರತೆ ಇದ್ದವರಲ್ಲಿ ರಕ್ತಕಣಗಳು ಒಡೆಯಬಹುದು. ಭಾರತದಲ್ಲಿ ಸಿಕಲ್ ಸೆಲ್ ರಕ್ತದೋಷ ಮೊದಲು ವರದಿಯಾದದ್ದೇ 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅದು ಬೇರೆ ದೋಷವಾದರೂ, ಕುಟುಂಬದಲ್ಲಿ ಯಾವುದೇ ರಕ್ತದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳುವುದು ಒಳ್ಳೆಯದು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರೂ ಮುಚ್ಚಿಡಬಾರದು.

2. ಹೊಳೆಯುವ ಬಣ್ಣ: ಇಂಡೋಸಯನಿನ್ ಗ್ರೀನ್ ಎಂಬ ಔಷಧಿ ವಿಶೇಷ ಇನ್‌ಫ್ರಾರೆಡ್ ಕ್ಯಾಮರಾದಲ್ಲಿ ಹೊಳೆಯುತ್ತದೆ. ಚರ್ಮದ ಕೆಳಗೆ ಅದು ಹರಿಯುವ ದಾರಿಯೇ ಪರದೆಯಲ್ಲಿ ಕಾಣುತ್ತದೆ. ಲ್ಯಾಪರೋಸ್ಕೋಪಿಗೆಂದು ಇಂಥ ಕ್ಯಾಮರಾ ತರಿಸಿರುವ ಆಸ್ಪತ್ರೆಗಳಿಗೆ ಹೆಚ್ಚಿನ ಖರ್ಚಿಲ್ಲ. ಕೋಲ್ಕತ್ತಾದ ಟಾಟಾ ಮೆಡಿಕಲ್ ಸೆಂಟರ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಮೆಥಿಲೀನ್ ಬ್ಲೂ ಜತೆ ಬಳಸಿದಾಗ ಫಲಿತಾಂಶ ಐಸೊಟೋಪ್ ವಿಧಾನಕ್ಕೆ ಸಮನಾಗಿತ್ತು. ಅಯೋಡಿನ್ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು.

3. ಕಬ್ಬಿಣದ ಸೂಕ್ಷ್ಮ ಕಣ: ಐರನ್ ಆಕ್ಸೈಡ್ ಕಣಗಳನ್ನು ಚುಚ್ಚಿ, ಅಯಸ್ಕಾಂತೀಯ ಪ್ರೋಬ್‌ನಿಂದ ಹುಡುಕುವುದು. ಆಪರೇಶನ್‌ಗೆ ಕೆಲವು ದಿನ ಮೊದಲೇ ಚುಚ್ಚಿಸಿಕೊಳ್ಳಬಹುದು ಎಂಬುದು ದೂರದಿಂದ ಬರುವವರಿಗೆ ಅನುಕೂಲ. ಆದರೆ ದುಬಾರಿ. ಚರ್ಮದಲ್ಲಿ ಕಂದು ಕಲೆ ಬಹಳ ಕಾಲ ಉಳಿಯಬಹುದು, ಮುಂದೆ ಸ್ತನದ ಎಂಆರ್‌ಐ ಚಿತ್ರ ಕೆಡಬಹುದು.

4. ಯಂತ್ರವೇ ಬೇಡ: ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸರ್ಜನ್‌ಗಳು ಕಂಕುಳಿನ ಕೆಳಭಾಗದ ಕೊಬ್ಬನ್ನು, ಅದರಲ್ಲಿರುವ ಗ್ರಂಥಿಗಳ ಸಮೇತ, ಒಂದು ನಿರ್ದಿಷ್ಟ ನರದ ಗಡಿಯವರೆಗೆ ಮಾತ್ರ ತೆಗೆದು ಪರೀಕ್ಷಿಸುವ ವಿಧಾನವನ್ನು ಅಧ್ಯಯನ ಮಾಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇದರ ನಿಖರತೆ ಕಾವಲು ಗ್ರಂಥಿ ಪರೀಕ್ಷೆಗಿಂತ ಕಡಿಮೆಯಲ್ಲ. ಬಣ್ಣ, ಕ್ಯಾಮರಾ ಯಾವುದೂ ಇಲ್ಲದ ಕಡೆ ಇದು ದೊಡ್ಡ ಆಸರೆ.

ಎಲ್ಲರಿಗೂ ಅಲ್ಲ

ಕಂಕುಳಿನಲ್ಲಿ ಗಂಟುಗಳು ಈಗಾಗಲೇ ಕೈಗೆ ಸಿಗುವಂತಿದ್ದರೆ, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಖಚಿತವಾಗಿದ್ದರೆ ನೇರವಾಗಿ ಈ ದಾರಿ ಹಿಡಿಯುವುದಿಲ್ಲ. ಕೀಮೋಥೆರಪಿಯಿಂದ ಅವು ಕರಗಿದ ಬಳಿಕ ಪರೀಕ್ಷಿಸುವುದಾದರೆ, ಎರಡು ಬಗೆಯ ಔಷಧಿ ಬಳಸಿ ಕನಿಷ್ಠ 3 ಗ್ರಂಥಿ ತೆಗೆದರೆ ತಪ್ಪು ಕಡಿಮೆ. ಇನ್ನೊಂದು ಕಡೆ, ಗಂಟು ಚಿಕ್ಕದಿದ್ದು ಕಂಕುಳಿನ ಸ್ಕ್ಯಾನಿಂಗ್ ಸ್ವಚ್ಛವಿರುವ ಕೆಲವರಿಗೆ ಕಂಕುಳಿನ ಸರ್ಜರಿಯೇ ಬೇಡವೆಂದು 2023ರಲ್ಲಿ ಇಟಲಿ ನೇತೃತ್ವದ ‘ಸೌಂಡ್’ ಅಧ್ಯಯನ ತೋರಿಸಿತು.

ಸರ್ಜನ್ ಬಳಿ ಕೇಳಬೇಕಾದ ಪ್ರಶ್ನೆಗಳು

- ಕಂಕುಳಿನ ಸ್ಕ್ಯಾನಿಂಗ್ ಆಗಿದೆಯೇ? ಅದರಲ್ಲಿ ಏನು ಕಂಡಿದೆ?
- ಎಲ್ಲ ಗ್ರಂಥಿ ತೆಗೆಯಲೇಬೇಕೇ, ಕಾವಲು ಗ್ರಂಥಿ ಸಾಕೇ?
- ಇಲ್ಲಿ ಯಾವ ವಿಧಾನ ಇದೆ? ನಿಮಗೆ ಅದರ ಅನುಭವ ಎಷ್ಟು?
- ಗ್ರಂಥಿಯ ಪರೀಕ್ಷೆ ಆಪರೇಶನ್ ನಡೆಯುವಾಗಲೇ ಆಗುತ್ತದೆಯೇ, ವರದಿಗೆ ಕಾಯಬೇಕೇ?
- ಸರಕಾರಿ ವಿಮೆಯಲ್ಲಿ ಇದರ ಖರ್ಚು ಸಿಗುತ್ತದೆಯೇ?

ಇಷ್ಟೆಲ್ಲ ಉಪಯೋಗಕ್ಕೆ ಬರುವುದು ಗಂಟು ಸಣ್ಣದಿರುವಾಗ ಆಸ್ಪತ್ರೆಗೆ ಹೋದರೆ ಮಾತ್ರ. “ನೋವಿಲ್ಲ ಅಲ್ವಾ, ನೋಡೋಣ” ಎಂದು ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. ಸ್ತನ ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಮಹಿಳಾ ವೈದ್ಯರು ಬೇಕೆಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಉಮ್ಮ, ಅಕ್ಕ, ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಯುವಕರು ಮೇಲಿನ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋದರೆ, ಉಳಿಯಬಹುದಾದ ಒಂದು ಕೈ ಉಳಿದೀತು.